ಕಾಂಗ್ರೆಸ್ ಗಿಡ ಮತ್ತು ಮೆಕ್ಸಿಕೋದ ದುಂಬಿ

ರಸ್ತೆಯಂಚು, ಖಾಲಿ ನಿವೇಶನ, ಬೀಳುಬಿದ್ದ ಹೊಲ ಎಲ್ಲೆಂದರಲ್ಲಿ ಬೆಳೆಯುವ ಪಾರ್ಥೇನಿಯಂ ನಮ್ಮ ಜನರ ಬಾಯಲ್ಲಿ ‘ಕಾಂಗ್ರೆಸ್ ಗಿಡ’. ಕಳೆ ಕೀಳುವ ಕೂಲಿಯಾಳುಗಳಿಗೆ ಚರ್ಮದ ತುರಿಕೆ, ಹಲವರಿಗೆ ಉಬ್ಬಸ ತರುವ ಈ ಗಿಡ ನಮ್ಮ ನೆಲದ್ದಲ್ಲ. ಇದರ ತವರು ಮೆಕ್ಸಿಕೋ ಕೊಲ್ಲಿಯ ಸುತ್ತಲಿನ ಪ್ರದೇಶ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಇದು ಕೆಲವೇ ದಶಕಗಳಲ್ಲಿ ದೇಶದ ಉದ್ದಗಲಕ್ಕೂ ಹಬ್ಬಿತು. ಅಮೆರಿಕದ ಗೋಧಿಯ ಜೊತೆ ಬಂತೆಂಬುದು ವಾಡಿಕೆಯ ಮಾತು.

ತವರಿನಲ್ಲಿ ಇಲ್ಲದ ಈ ಆರ್ಭಟ ಇಲ್ಲೇಕೆ? ಅಲ್ಲಿ ಇದರ ಎಲೆ ತಿನ್ನುವ ದುಂಬಿ, ಕಾಂಡ ಕೊರೆಯುವ ಹುಳು, ತುಕ್ಕುರೋಗ ತರುವ ಶಿಲೀಂಧ್ರ ಎಲ್ಲವೂ ಇವೆ. ಕಡಲು ದಾಟಿದ್ದು ಬೀಜ ಮಾತ್ರ. ಶತ್ರುಗಳು ಹಿಂದೆಯೇ ಉಳಿದವು. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ.

ಹಾಗಾದರೆ ಶತ್ರುವನ್ನೂ ಕರೆತಂದರೆ ಹೇಗೆ? ಇದಕ್ಕೆ ಭಾರತದಲ್ಲೇ ಹಳೆಯ ನಿದರ್ಶನವಿತ್ತು. 1795ರಲ್ಲಿ ಕೆಂಪು ಬಣ್ಣ ತಯಾರಿಸಲೆಂದು ಬ್ರೆಜಿಲ್‌ನಿಂದ ಒಂದು ಕೀಟವನ್ನು ತರಲಾಯಿತು. ಬಂದದ್ದು ಬೇಕಾದ ಜಾತಿಯಲ್ಲ. ಆದರೆ ಅದು ಪಾಪಾಸುಕಳ್ಳಿಯ ಒಂದು ಜಾತಿಯನ್ನು ಹೀರಿ ಒಣಗಿಸಿತು. ಕೈತಪ್ಪಿನಿಂದ ರೈತನಿಗೆ ಉಪಕಾರವಾಯಿತು.

ಈ ದಾರಿಯಲ್ಲೇ 1983ರಲ್ಲಿ ಮೆಕ್ಸಿಕೋದಿಂದ ಜೈಗೊಗ್ರಾಮ ಎಂಬ ದುಂಬಿಯನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಕೆಲವೇ ವರ್ಷಗಳಲ್ಲಿ ಅದು ನಗರದ ಸುತ್ತಮುತ್ತ ಪಾರ್ಥೇನಿಯಂ ಪೊದೆಗಳನ್ನು ಬರಿಕಡ್ಡಿ ಮಾಡಿತು. 1990ರ ದಶಕದಲ್ಲಿ ಸೂರ್ಯಕಾಂತಿಯ ಎಲೆಗಳ ಮೇಲೂ ಅದು ಕಂಡಾಗ ರೈತರಲ್ಲಿ ಆತಂಕ ಹುಟ್ಟಿ, ದೊಡ್ಡ ವಿವಾದವೇ ಎದ್ದಿತ್ತು.

ಆದರೂ ಗಿಡ ಅಳಿಯಲಿಲ್ಲ. ಕಾರಣ ಹವಾಮಾನ. ದುಂಬಿ ಮಳೆಗಾಲದ ಜೀವಿ. ಮಳೆ ನಿಂತು ಒಣಹವೆ ಬಂದರೆ ಮಣ್ಣಿನೊಳಗೆ ಹುದುಗಿ, ಮುಂದಿನ ಮಳೆಯವರೆಗೂ ನಿದ್ರಿಸುತ್ತದೆ. ಗಿಡಕ್ಕೆ ಅಂಥ ಕಟ್ಟುಪಾಡಿಲ್ಲ. ಕಾಲುವೆಯಂಚಿನ, ಚರಂಡಿ ಬದಿಯ ತೇವವೇ ಸಾಕು. ಬೇಸಿಗೆಯಲ್ಲೂ ಮೊಳೆತು ಹೂಬಿಟ್ಟು ಬೀಜ ಉದುರಿಸುತ್ತದೆ. ಶತ್ರು ಏಳುವಷ್ಟರಲ್ಲಿ ಮುಂದಿನ ಪೀಳಿಗೆ ನೆಲ ಸೇರಿರುತ್ತದೆ. ಒಮ್ಮೆ ದೂರದಿಂದ ತಪ್ಪಿಸಿಕೊಂಡ ಗಿಡ ಈಗ ಕಾಲದಿಂದ ತಪ್ಪಿಸಿಕೊಳ್ಳುತ್ತಿದೆ.

ಇದೇ ಕಳೆಯಿಂದ ಬಳಲಿದ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಒಂದೇ ದುಂಬಿಯನ್ನು ನೆಚ್ಚಿ ಕೂರಲಿಲ್ಲ. ಒಂಬತ್ತು ಬಗೆಯ ಕೀಟ, ಎರಡು ಬಗೆಯ ತುಕ್ಕುರೋಗ ಅಲ್ಲಿ ಪ್ರಯೋಗಕ್ಕೆ ಬಂದವು. ತುಕ್ಕುಗಳಲ್ಲಿ ಒಂದು ತಂಪಿಗೆ ಹೊಂದುವಂಥದ್ದು, ಇನ್ನೊಂದು ಬೇಸಿಗೆಯದು. ಎಲ್ಲ ಋತುವಿನಲ್ಲೂ ಬೆಳೆಯುವ ಕಳೆಗೆ ಎಲ್ಲ ಋತುವಿನಲ್ಲೂ ಕಾವಲು ಬೇಕು. ಅಂಥ ಕಾವಲು ಸಿದ್ಧವಾಗುವವರೆಗೆ, ಹೂಬಿಡುವ ಮೊದಲೇ ಕೈಗವಸು ತೊಟ್ಟು ಬೇರುಸಹಿತ ಕೀಳುವ ಕೆಲಸ ತಪ್ಪದು.