ದುರ್ಬಲತಾ ಶೋಧಕದ ದೂರನಿಯಂತ್ರಣ: ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ

ಪೀಠಿಕೆ

ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಸಾರ್ವಜನಿಕರು ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ ಹಾಗೂ ಸಂವಿಧಾನದ 371(ಜೆ) ಅನುಚ್ಛೇದದ ಮೇರೆಗೆ ನೀಡಲಾಗುವ ಅರ್ಹತಾ ಪ್ರಮಾಣಪತ್ರಗಳಿಗಾಗಿ ಸಲ್ಲಿಸುವ ಅರ್ಜಿಗಳು ಗಣಕಯಂತ್ರದ ಮೂಲಕ ಸಾಗುತ್ತವೆ. ಅರ್ಜಿದಾರರ ಆಧಾರ್ ಸಂಖ್ಯೆ, ಪಡಿತರ ಚೀಟಿಯ ವಿವರ, ಜಮೀನಿನ ಸರ್ವೆ ನಂಬರು ಇವೆಲ್ಲವೂ ಸರ್ವರ್‌ಗಳಲ್ಲಿ ಸಂಗ್ರಹವಾಗಿರುವುದರಿಂದ, ಆ ಯಂತ್ರಗಳಲ್ಲಿ ಕಳ್ಳಗಿಂಡಿಗಳಿವೆಯೇ ಎಂದು ಕಾಲಕಾಲಕ್ಕೆ ತಪಾಸಣೆ ಮಾಡುವುದು ಅವಶ್ಯವಾಗಿರುತ್ತದೆ. ಸುರಕ್ಷತಾ ತಪಾಸಣೆಯ ನಿಮಿತ್ತ ಸೇವೆ ತಾತ್ಕಾಲಿಕವಾಗಿ ಲಭ್ಯವಿಲ್ಲ ಎಂಬ ಸೂಚನೆಯನ್ನು ಕಂಡವರು ಆ ಸಮಯದಲ್ಲಿ ನಡೆಯುವುದೇನೆಂದು ಕೇಳುತ್ತಾರೆ. ಅದನ್ನು ಇಲ್ಲಿ ವಿವರಿಸಲಾಗಿದೆ.

ಶೋಧಕ ಎಂದರೇನು

ಜಾಲಬಂಧದ ದುರ್ಬಲತಾ ಶೋಧಕವು (ವಲ್ನರಬಿಲಿಟಿ ಸ್ಕ್ಯಾನರ್) ಒಂದು ತಂತ್ರಾಂಶ. ಜಾಲದಲ್ಲಿ ಯಾವ ಯಂತ್ರಗಳು ಚಾಲನೆಯಲ್ಲಿವೆ, ಅವುಗಳ ಯಾವ ಪೋರ್ಟ್‌ಗಳು ತೆರೆದಿವೆ, ಅಲ್ಲಿರುವ ತಂತ್ರಾಂಶ ಯಾವ ಆವೃತ್ತಿಯದು ಎಂಬುದನ್ನು ಇದು ಮೊದಲು ಗುರುತಿಸುತ್ತದೆ. ನಂತರ ಈಗಾಗಲೇ ಬೆಳಕಿಗೆ ಬಂದಿರುವ ಲೋಪಗಳ ಪಟ್ಟಿಯೊಂದಿಗೆ ತಾಳೆ ನೋಡಿ, ಪ್ರತಿ ಲೋಪಕ್ಕೂ 0ಯಿಂದ 10ರವರೆಗೆ ತೀವ್ರತೆಯ ಅಂಕ ನೀಡುತ್ತದೆ. ಈಗ ಬಳಕೆಯಲ್ಲಿರುವ ಕ್ರಮದಲ್ಲಿ 9 ಮತ್ತು ಅದಕ್ಕಿಂತ ಹೆಚ್ಚು ಅಂಕ ಬಂದದ್ದು ಅತಿ ಗಂಭೀರ ಲೋಪವೆನಿಸುತ್ತದೆ.

ಇದನ್ನು ಲೆಕ್ಕಪರಿಶೋಧನೆಗೆ ಹೋಲಿಸಬಹುದು. ಲೆಕ್ಕಪರಿಶೋಧಕರು ನಗದು ಪುಸ್ತಕವನ್ನು ತಾವೇ ತಿದ್ದುವುದಿಲ್ಲ. ಆಕ್ಷೇಪಣೆ ಬರೆದು ಹೋಗುತ್ತಾರೆ. ಸರಿಪಡಿಸಿ ಅನುಪಾಲನಾ ವರದಿ ಸಲ್ಲಿಸುವುದು ಕಛೇರಿಯ ಹೊಣೆ. ಶೋಧಕವೂ ಲೋಪಗಳನ್ನು ದಾಖಲಿಸುತ್ತದೆಯೇ ಹೊರತು ಅರ್ಜಿಯನ್ನು ಮಂಜೂರು ಮಾಡುವುದಾಗಲಿ, ತಿರಸ್ಕರಿಸುವುದಾಗಲಿ ಅದರ ಕೆಲಸವಲ್ಲ. ವರದಿ ಬಂದು ತಿಂಗಳಾದರೂ ಅನುಪಾಲನೆ ಆಗದಿದ್ದರೆ ತಪಾಸಣೆ ನಡೆಸಿಯೂ ಪ್ರಯೋಜನವಿಲ್ಲ.

ಈ ಬಗೆಯ ತಂತ್ರಾಂಶಗಳಲ್ಲಿ ನೆಸ್ಸಸ್ 1998ರಲ್ಲಿ ಮುಕ್ತ ತಂತ್ರಾಂಶವಾಗಿ ಆರಂಭವಾಯಿತು. 2005ರಲ್ಲಿ ಅದರ ಮೂಲಸಂಕೇತವನ್ನು ಮುಚ್ಚಲಾದ ಮೇಲೆ, ಮುಕ್ತವಾಗಿದ್ದ ಹಳೆಯ ಆವೃತ್ತಿಯಿಂದ ಓಪನ್‌ವಾಸ್ ಬೆಳೆಯಿತು. ಮುಂದಿನ ವಿವರಣೆಗೆ ಓಪನ್‌ವಾಸ್ ಅನ್ನು ಉದಾಹರಣೆಯಾಗಿ ಮಾತ್ರ ತೆಗೆದುಕೊಳ್ಳಲಾಗಿದೆ.

ಆದೇಶ ಸಾಲಿನ ಮೂಲಕ ನಿಯಂತ್ರಣ

ಬೆಂಗಳೂರಿನಿಂದ ಯಾದಗಿರಿ ಸುಮಾರು 500 ಕಿ.ಮೀ. ದೂರದಲ್ಲಿದೆ. ಪ್ರತಿ ತಪಾಸಣೆಗೂ ಪರಿಣತರನ್ನು ಪ್ರತಿ ತಾಲ್ಲೂಕು ಕಛೇರಿಗೆ ಕಳುಹಿಸುವುದು ಕಾರ್ಯಸಾಧ್ಯವಲ್ಲ. ಶೋಧಕವಿರುವ ಯಂತ್ರ ಒಂದೆಡೆ, ಅದನ್ನು ನಡೆಸುವವರು ಇನ್ನೊಂದೆಡೆ ಇದ್ದು, ಕಮಾಂಡ್ ಲೈನ್ ಎಂದು ಕರೆಯಲಾಗುವ ಆದೇಶ ಸಾಲಿನಲ್ಲಿ ಅಕ್ಷರರೂಪದ ಆದೇಶಗಳನ್ನು ಟೈಪು ಮಾಡಿ ಕೆಲಸ ನಡೆಸಬಹುದು. ಓಪನ್‌ವಾಸ್‌ಗೆ ಹಿಂದೆ ಓಎಂಪಿ ಎಂಬ ಉಪಕರಣವಿತ್ತು; ಈಗ ಅದರ ಸ್ಥಾನದಲ್ಲಿ ಜಿವಿಎಂ-ಸಿಎಲ್ಐ ಇದೆ.

ಕ್ರಮ ಹೀಗಿರುತ್ತದೆ. ಯಾವ ಯಂತ್ರಗಳನ್ನು ತಪಾಸಣೆ ಮಾಡಬೇಕೆಂಬ ಪಟ್ಟಿಯನ್ನು ಮೊದಲ ಆದೇಶದಲ್ಲಿ ನೀಡಲಾಗುತ್ತದೆ. ಆ ಪಟ್ಟಿಗೆ ಒಂದು ಕಾರ್ಯವನ್ನು ಜೋಡಿಸಿ, ಅದನ್ನು ಆರಂಭಿಸಲು ಮತ್ತೊಂದು ಆದೇಶ ಕೊಡಲಾಗುತ್ತದೆ. ಶೋಧಕವು ವರದಿಯ ಗುರುತು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಕಾರ್ಯ ಮುಗಿದ ಮೇಲೆ ಅದೇ ಸಂಖ್ಯೆಯಿಂದ ವರದಿ ಪಡೆಯಲಾಗುತ್ತದೆ. ನಾಡಕಛೇರಿಯ ಸ್ವೀಕೃತಿಯಲ್ಲಿರುವ ಆರ್.ಡಿ. ಸಂಖ್ಯೆಯನ್ನು ಬಲ್ಲವರಿಗೆ ಇದು ಹೊಸದೆನಿಸಲಾರದು. ಆದೇಶಗಳು ಕೆಲವೇ ಸಾಲುಗಳಷ್ಟಿರುವುದರಿಂದ ಸಂಪರ್ಕ ನಿಧಾನವಾಗಿದ್ದರೂ ತಲುಪುತ್ತವೆ. ಅವುಗಳನ್ನು ಕಡತದಲ್ಲಿ ಬರೆದಿಟ್ಟು, ರಾತ್ರಿ ನಿಗದಿತ ವೇಳೆಗೆ ತಾವಾಗಿಯೇ ನಡೆಯುವಂತೆಯೂ ಮಾಡಬಹುದು.

ರಾತ್ರಿಯ ವೇಳೆಗೆ ಕಾರಣವಿದೆ. ಓಪನ್‌ವಾಸ್ ಸಾಮಾನ್ಯವಾಗಿ ಏಕಕಾಲಕ್ಕೆ 20 ಯಂತ್ರಗಳನ್ನು, ಪ್ರತಿ ಯಂತ್ರದ ಮೇಲೆ 4 ಪರೀಕ್ಷೆಗಳನ್ನು ನಡೆಸುವಂತೆ ನಿಗದಿಯಾಗಿರುತ್ತದೆ. ಹಳೆಯ ಮುದ್ರಕಗಳು ಮತ್ತು ದುರ್ಬಲ ಸರ್ವರ್‌ಗಳು ಈ ಹೊರೆಗೆ ಸ್ಥಗಿತಗೊಳ್ಳುವ ಸಂಭವವಿರುತ್ತದೆ. ಕೌಂಟರ್ ಮುಂದೆ ಸರದಿ ಇರುವಾಗ ತಪಾಸಣೆ ನಡೆಸುವುದು ಉಚಿತವಲ್ಲ. ಅನಿವಾರ್ಯವಾದಲ್ಲಿ ಈ ಸಂಖ್ಯೆಗಳನ್ನು ತಗ್ಗಿಸಬೇಕು. ಆದರೆ ಕೌಂಟರಿನಲ್ಲಿ ಕೇಳಿಬರುವ 'ಸರ್ವರ್ ಇಲ್ಲ' ಎಂಬ ಪ್ರತಿಯೊಂದು ಉತ್ತರಕ್ಕೂ ತಪಾಸಣೆಯನ್ನೇ ಕಾರಣವಾಗಿ ಹೇಳುವುದು ಸರಿಯಲ್ಲ. ವಿದ್ಯುತ್ ಕಡಿತ, ತುಂಡಾದ ಕೇಬಲ್‌ಗಳಿಂದಲೂ ಸಂಪರ್ಕ ತಪ್ಪುತ್ತದೆ.

ನಿಯಂತ್ರಣದ ನಿಯಂತ್ರಣ

ಶೋಧಕದ ವರದಿಯಲ್ಲಿ ಕಛೇರಿಯ ಯಾವ ಬಾಗಿಲಿನ ಚಿಲಕ ಸಡಿಲವಾಗಿದೆ ಎಂಬ ಪೂರ್ಣ ವಿವರವಿರುತ್ತದೆ. ಯಂತ್ರದ ಒಳಹೊಕ್ಕು ತಪಾಸಣೆ ಮಾಡಲು ಅದಕ್ಕೆ ಗುಪ್ತಪದಗಳನ್ನೂ ಕೊಟ್ಟಿರಲಾಗುತ್ತದೆ. ಆದುದರಿಂದ ಶೋಧಕವನ್ನು ದೂರದಿಂದ ನಡೆಸಬಲ್ಲವರ ಕೈಯಲ್ಲಿ ಕಛೇರಿಯ ಕೀಲಿಗೊಂಚಲೇ ಇದ್ದಂತೆ. ಈ ಸಂಪರ್ಕವು ಎಸ್.ಎಸ್.ಎಚ್. ಅಥವಾ ಟಿ.ಎಲ್.ಎಸ್. ಗೂಢಲಿಪಿಯ ಮೂಲಕವೇ ಇರಬೇಕು ಮತ್ತು ಗೊತ್ತುಪಡಿಸಿದ ಯಂತ್ರಗಳಿಂದ ಮಾತ್ರ ಸಾಧ್ಯವಾಗುವಂತಿರಬೇಕು.

ಗುಪ್ತಪದವನ್ನು ಆದೇಶದ ಸಾಲಿನಲ್ಲಿಯೇ ಟೈಪು ಮಾಡುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಹಾಗೆ ಮಾಡಿದಲ್ಲಿ ಅದು ಆದೇಶಗಳ ಇತಿಹಾಸದಲ್ಲಿ ಉಳಿಯುತ್ತದೆ. ಅದೇ ಯಂತ್ರವನ್ನು ಬಳಸುವ ಇತರರಿಗೆ, ಚಾಲನೆಯಲ್ಲಿರುವ ಕಾರ್ಯಗಳ ಪಟ್ಟಿಯಲ್ಲಿಯೂ ಗೋಚರಿಸಬಹುದು. ಗುಪ್ತಪದವನ್ನು ಬೇರೆಯವರು ಓದಲಾಗದಂತೆ ರಕ್ಷಿಸಿದ ಕಡತದಲ್ಲಿಡುವುದು ಇದಕ್ಕಿಂತ ಮೇಲು. ಯಾರು, ಯಾವಾಗ, ಯಾವ ಆದೇಶ ನೀಡಿದರೆಂಬ ದಾಖಲೆಯೂ ಇರತಕ್ಕದ್ದು. ಸೈಬರ್ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆಯಾದ ಸರ್ಟ್-ಇನ್ 28-04-2022ರಂದು ಹೊರಡಿಸಿದ ನಿರ್ದೇಶನಗಳಲ್ಲಿ ಇಂತಹ ದಾಖಲೆಗಳನ್ನು 180 ದಿನಗಳವರೆಗೆ ಕಾಯ್ದಿರಿಸಬೇಕೆಂದೂ, ನಿರ್ದಿಷ್ಟ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ ತಿಳಿಸಲಾಗಿದೆ.

ಅರ್ಜಿದಾರರ ಗಮನಕ್ಕೆ

ಅರ್ಜಿಯ ಸ್ವೀಕೃತಿ ಪತ್ರವನ್ನು ಜೋಪಾನವಾಗಿಡತಕ್ಕದ್ದು. ವಿದ್ಯಾರ್ಥಿವೇತನ ಅಥವಾ ಸೀಟು ಹಂಚಿಕೆಗೆ 371(ಜೆ) ಪ್ರಮಾಣಪತ್ರ ಬೇಕಾದವರು ಕೊನೆಯ ದಿನದವರೆಗೆ ಕಾಯಬಾರದೆಂದು ಕೋರಲಾಗಿದೆ. ಒಂದು ರಾತ್ರಿಯ ಸ್ಥಗಿತದಿಂದ ಒಂದು ವರ್ಷದ ಓದು ತಪ್ಪುವಂತಾಗಬಾರದು. ಸಕಾಲ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಯು ಅವಧಿಯೊಳಗೆ ದೊರೆಯದಿದ್ದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು, ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರಕ್ಕೆ ಅಧಿನಿಯಮದಲ್ಲಿ ಅವಕಾಶವಿದೆ.

ಶೋಧಕವು ತಪಾಸಣೆ ಮಾಡುವುದು ಇಲಾಖೆಯ ಯಂತ್ರಗಳನ್ನು; ಅರ್ಜಿದಾರರ ಮೊಬೈಲನ್ನಲ್ಲ. "ನಿಮ್ಮ ಅರ್ಜಿ ಸುರಕ್ಷತಾ ತಪಾಸಣೆಯಲ್ಲಿ ಸಿಲುಕಿದೆ, ಓಟಿಪಿ ಹೇಳಿ, ಈ ಆ್ಯಪ್ ಹಾಕಿಕೊಳ್ಳಿ" ಎಂದು ಯಾರೇ ಕರೆ ಮಾಡಿದರೂ ಅದು ವಂಚನೆಯೆಂದು ತಿಳಿಯತಕ್ಕದ್ದು. ಹಣ ಕಳೆದುಕೊಂಡಲ್ಲಿ ವಿಳಂಬ ಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು.

ಗಣಕ ವಿಜ್ಞಾನದ ವಿದ್ಯಾರ್ಥಿಗಳು ಈ ಉಪಕರಣಗಳನ್ನು ಕಲಿಯುವುದು ಸ್ವಾಗತಾರ್ಹ. ಆದರೆ ಅಭ್ಯಾಸವನ್ನು ಸ್ವಂತ ಯಂತ್ರದ ಮೇಲೆ ಮಾತ್ರ ಮಾಡತಕ್ಕದ್ದು. ಅನುಮತಿಯಿಲ್ಲದೆ ಇತರರ ಗಣಕಯಂತ್ರವನ್ನು ಪ್ರವೇಶಿಸುವುದು ಅಥವಾ ಅದರ ಕೆಲಸಕ್ಕೆ ಅಡ್ಡಿಪಡಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 43ನೇ ಪ್ರಕರಣದ ವ್ಯಾಪ್ತಿಗೆ ಬರುತ್ತದೆ. ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಹಾಗೆ ಮಾಡಿದಲ್ಲಿ 66ನೇ ಪ್ರಕರಣದ ಮೇರೆಗೆ 3 ವರ್ಷಗಳವರೆಗೆ ಕಾರಾವಾಸ ಅಥವಾ ರೂ. 5 ಲಕ್ಷದವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಸರ್ಕಾರಿ ಜಾಲತಾಣದಲ್ಲಿ ಲೋಪವೇನಾದರೂ ಕಣ್ಣಿಗೆ ಬಿದ್ದಲ್ಲಿ ಅದನ್ನು ಮುಂದುವರಿದು ಪರೀಕ್ಷಿಸದೆ, ಇತರರೊಂದಿಗೆ ಹಂಚಿಕೊಳ್ಳದೆ, ಸಂಬಂಧಪಟ್ಟ ಇಲಾಖೆಗೆ ಅಥವಾ ಸರ್ಟ್-ಇನ್ ಸಂಸ್ಥೆಗೆ ಲಿಖಿತವಾಗಿ ತಿಳಿಸಬೇಕೆಂದು ಕೋರಲಾಗಿದೆ.