ಅಡುಗೆಮನೆಯ ಬೆಳಕಿಗೊಂದು ಕ್ಯಾಮರಾ

ನನ್ನ ತವರುಮನೆಯ ಅಟ್ಟದ ಮೇಲೆ ಒಂದು ಟ್ರಂಕಿದೆ. ಅದರೊಳಗೊಂದು ಬಿಸ್ಕತ್ತಿನ ಡಬ್ಬ, ಡಬ್ಬದೊಳಗೆ ಹನ್ನೆರಡು ಕಪ್ಪುಬಿಳುಪು ಫೋಟೋಗಳು. 1978ರ ಬೇಸಿಗೆ ರಜೆಯಲ್ಲಿ ಮುಂಬಯಿಯಿಂದ ಬಂದ ನನ್ನ ಸೋದರಮಾವ ತಮ್ಮ ಆಗ್ಫಾ ಕ್ಲಿಕ್ 3 ಕ್ಯಾಮರಾದಲ್ಲಿ ತೆಗೆದವು. ಆ ಕ್ಯಾಮರಾಕ್ಕೆ ಒಂದು ರೀಲು ಹಾಕಿದರೆ ಬರುವುದು ಹನ್ನೆರಡೇ ಫೋಟೋ. ಒಳ್ಳೆಯ ಬಿಸಿಲಿಲ್ಲದಿದ್ದರೆ ಅದೂ ಇಲ್ಲ. ಹಾಗಾಗಿ ಮಾವ ಎಲ್ಲರನ್ನೂ ಅಂಗಳಕ್ಕೆ ಕರೆದರು. ಅಜ್ಜ ಕುರ್ಚಿಯಲ್ಲಿ ಕೂತರು, ಅಪ್ಪ ಸೈಕಲ್ಲಿನ ಪಕ್ಕ ನಿಂತರು, ನಾನೂ ತಮ್ಮನೂ ಚಪ್ಪರದ ಕಂಬ ಹಿಡಿದುಕೊಂಡೆವು. ಅಮ್ಮ ಒಳಗೆ ಹೋಳಿಗೆ ಬೇಯಿಸುತ್ತಿದ್ದಳು. ಅವಳು ಕೈ ತೊಳೆದು, ಸೆರಗು ಸರಿಮಾಡಿಕೊಂಡು ಹೊರಗೆ ಬರುವಷ್ಟರಲ್ಲಿ ರೀಲು ಮುಗಿದಿತ್ತು. ನಮ್ಮ ಹಸು ಗೌರಿಗೆ ಎರಡು ಫೋಟೋ ಸಿಕ್ಕಿತ್ತು.

ಆಮೇಲೆ ಮದುವೆ ಮುಂಜಿಗಳಲ್ಲಿ ಅಮ್ಮನ ಫೋಟೋಗಳು ಬಂದವು, ಇಲ್ಲವೆಂದಲ್ಲ. ಆದರೆ ಅಲ್ಲಿರುವುದು ರೇಷ್ಮೆ ಸೀರೆಯುಟ್ಟು ಸಾಲಿನಲ್ಲಿ ನಿಂತ ಅಮ್ಮ. ನನಗೆ ಗೊತ್ತಿರುವ ಅಮ್ಮ ಮಲೆನಾಡಿನ ಕತ್ತಲ ಅಡುಗೆಮನೆಯಲ್ಲಿ, ಗವಾಕ್ಷಿಯಿಂದ ಇಳಿಯುವ ಒಂದು ಕೋಲು ಬೆಳಕಿನ ಪಕ್ಕ ಕೂತು ಬಾಳೆನಾರಿನಲ್ಲಿ ಹೂ ಕಟ್ಟುವವಳು. ಈಗ ಅವಳಿಗೆ 84. ಕಣ್ಣಿನ ಪೊರೆ ತೆಗೆಸಿದ ಮೇಲೆ ಫ್ಲ್ಯಾಶ್ ಬೆಳಗಿದರೆ ಮುಖ ಹಿಂಡುತ್ತಾಳೆ. ಫೋನಿನಲ್ಲಿ ತೆಗೆದು ನೋಡಿದೆ. ಮುಖವೆಲ್ಲ ಮೇಣ ಸವರಿದಂತೆ ನುಣ್ಣಗೆ, ಹೂ ಕಟ್ಟುವ ಬೆರಳುಗಳು ಕಲಸಿದ ಹಿಟ್ಟಿನಂತೆ. ಆ ಸುಕ್ಕುಗಳಿಗಾಗಿಯೇ ನಾನು ಫೋಟೋ ತೆಗೆದದ್ದು. ಫೋನು ಅವನ್ನೇ ಅಳಿಸಿಬಿಟ್ಟಿತ್ತು.

ಸರಿ, ಕ್ಯಾಮರಾವನ್ನೇ ಕೊಳ್ಳುವುದೆಂದು ನಿಶ್ಚಯಿಸಿದೆ. ಕೈಯಲ್ಲಿದ್ದದ್ದು ಚೀಟಿ ಎತ್ತಿದ 70 ಸಾವಿರ ರೂಪಾಯಿ. "ಕಡಿಮೆ ಬೆಳಕಿಗಾದರೆ ಫುಲ್ ಫ್ರೇಮ್ ಮಿರರ್‌ಲೆಸ್ ತಗೋ ಅಮ್ಮಾ" ಎಂದಳು ಮಗಳು. ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವಳಿಗೆ ಒಂದು ಚಟ. ಹೆಣ್ಣು ಕೊಡುವಾಗ ಗೋತ್ರ ಕೇಳುವ ಹಾಗೆ, ಯಾವ ವಸ್ತು ಬಂದರೂ ಅದರ ಮೂಲ ಕೇಳಬೇಕು. ಫುಲ್ ಎಂದರೆ ಯಾವುದು ಪೂರ್ಣ? ಯಾರು ಅಳೆದದ್ದು?

ಹುಡುಕುತ್ತಾ ಹೋದವಳು ಜರ್ಮನಿಯ ವೆಟ್ಸ್‌ಲರ್ ಎಂಬ ಊರಿಗೆ ತಲುಪಿದೆ. ಅಲ್ಲಿ ಸೂಕ್ಷ್ಮದರ್ಶಕ ಮಾಡುವ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಯಂತ್ರಕುಶಲಿ ಇದ್ದ. ಫೋಟೋದ ಹುಚ್ಚು ಅವನಿಗೆ. ಆದರೆ ಅಸ್ತಮಾ. ಆ ಕಾಲದ ಕ್ಯಾಮರಾ, ಗಾಜಿನ ಫಲಕಗಳು, ಮುಕ್ಕಾಲಿ ಎಲ್ಲವನ್ನೂ ಹೊತ್ತು ಗುಡ್ಡ ಹತ್ತುವುದು ಅವನಿಂದ ಆಗುತ್ತಿರಲಿಲ್ಲ. ಸಿನಿಮಾಕ್ಕೆ ಬಳಸುವ 35 ಮಿಲಿಮೀಟರ್ ಅಗಲದ ರೀಲನ್ನೇ ಅವನು ಪುಟ್ಟ ಪೆಟ್ಟಿಗೆಯೊಂದರಲ್ಲಿ ಅಡ್ಡಲಾಗಿ ಓಡಿಸಿದ. ಸಿನಿಮಾದ ಒಂದು ಚಿತ್ರ 18ಕ್ಕೆ 24 ಮಿ.ಮೀ.; ಅಂಥ ಎರಡನ್ನು ಕೂಡಿಸಿ 24ಕ್ಕೆ 36 ಮಾಡಿಕೊಂಡ. ಇದು 1914ರ ಹೊತ್ತಿಗೆ. ಅಷ್ಟರಲ್ಲಿ ಮಹಾಯುದ್ಧ ಬಂತು, ಅದರ ಬೆನ್ನಿಗೆ ಹಣದುಬ್ಬರ. ಕಾರ್ಖಾನೆಯ ಯಜಮಾನ ಎರಡನೆಯ ಎರ್ನ್‌ಸ್ಟ್ ಲೈಟ್ಸ್ 1924ರಲ್ಲಿ ಧೈರ್ಯಮಾಡಿ ಈ ಕ್ಯಾಮರಾ ಮಾಡೋಣ ಎಂದ. 1925ರ ವಸಂತದಲ್ಲಿ ಲೈಪ್‌ಸಿಗ್ ಜಾತ್ರೆಯಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಮಾರಾಟಕ್ಕೆ ಬಂತು.

ತಮಾಷೆ ನೋಡಿ. ದೊಡ್ಡ ಗಾಜಿನ ಫಲಕಗಳಿಗೆ ಒಗ್ಗಿದ್ದ ಅಂದಿನವರ ಕಣ್ಣಿಗೆ ಈ ಅಳತೆ ಅಂಚೆ ಚೀಟಿಯಷ್ಟು. ಅದನ್ನು ಅವರು 'ಪುಟ್ಟ ಚಿತ್ರ'ದ ಕ್ಯಾಮರಾ ಎಂದೇ ಕರೆದರು. ಇಂದು ನಾವು ಪೂರ್ಣ ಎನ್ನುವುದು ಅದೇ 24ಕ್ಕೆ 36, ಉಸಿರು ಕಟ್ಟುವ ಮನುಷ್ಯನೊಬ್ಬ ಭಾರ ಹೊರಲಾರದೆ ಮಾಡಿಕೊಂಡ ಅಳತೆ. ಮೊಣಕಾಲು ನೋವಿನ ನನಗೆ ಇದನ್ನು ಓದಿ ಬಹಳ ಸಮಾಧಾನವಾಯಿತು.

ಪುಟ್ಟದ್ದು ಪೂರ್ಣವಾದದ್ದು ರೀಲು ಹೋಗಿ ಸಿಲಿಕಾನ್ ಬಿಲ್ಲೆ ಬಂದ ಮೇಲೆ. ದುಂಡನೆಯ ಸಿಲಿಕಾನ್ ಹಾಳೆಯಿಂದ ಈ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಬಿಲ್ಲೆ ದೊಡ್ಡದಾದಷ್ಟೂ ಒಂದು ಹಾಳೆಗೆ ಸಿಗುವುದು ಕಡಿಮೆ, ಒಂದು ಕಡೆ ದೋಷವಿದ್ದರೆ ಹಾಳಾಗುವುದು ಹೆಚ್ಚು. ಆದ್ದರಿಂದ ಸಾಮಾನ್ಯರ ಡಿಜಿಟಲ್ ಕ್ಯಾಮರಾಗಳಿಗೆ ಚಿಕ್ಕ ಬಿಲ್ಲೆ ಹಾಕಿದರು. ಅದರ ವಿಸ್ತೀರ್ಣ ಲೈಕಾದ ಅಳತೆಯ ಅರ್ಧಕ್ಕೂ ಕಡಿಮೆ. ಹಳೆಯ ಲೆನ್ಸುಗಳನ್ನು ಅದಕ್ಕೆ ಹಾಕಿದರೆ ಚಿತ್ರದ ಅಂಚೆಲ್ಲ ಕತ್ತರಿಸಿಹೋಗುತ್ತಿತ್ತು. ಆಗ ಹಳೆಯ ಅಳತೆಗೆ 'ಪೂರ್ಣ' ಎಂಬ ಗೌರವ ಬಂತು. 2002ರಲ್ಲಿ ಕ್ಯಾನನ್ ತಂದ ಪೂರ್ಣ ಅಳತೆಯ ಇಒಎಸ್ 1ಡಿಎಸ್ ಬೆಲೆ 7,999 ಡಾಲರ್. 2005ರ 5ಡಿ 3,299 ಡಾಲರ್. 2013ರಲ್ಲಿ ಸೋನಿ ಎ7 ಬಂತು. ಒಳಗೆ ಟಪ್ಪೆಂದು ಮೇಲೇಳುವ ಕನ್ನಡಿಯೇ ಇಲ್ಲ, ಹಾಗಾಗಿ ಗಾತ್ರವೂ ಇಳಿಯಿತು, ಬೆಲೆ 1,700 ಡಾಲರಿನ ಆಸುಪಾಸಿಗೆ ಬಂತು. 2019ರಲ್ಲಿ ಕ್ಯಾನನ್ ಆರ್‌ಪಿ 1,299 ಡಾಲರಿಗೆ ಇಳಿಯಿತು. ಮರುವರ್ಷ ನಿಕಾನ್ ಝಡ್5. ನಮ್ಮಂಥವರು ಕನಸು ಕಾಣಬಹುದಾದ ಇತಿಹಾಸ ಇಲ್ಲಿಂದ ಶುರು.

ದೊಡ್ಡ ಬಿಲ್ಲೆಯಿಂದ ಏನು ಲಾಭ? ಮಳೆಗಾಲದಲ್ಲಿ ಸೂರಿನ ನೀರಿಗೆ ಚೊಂಬಿಡುವುದಕ್ಕೂ ಹಂಡೆಯಿಡುವುದಕ್ಕೂ ಇರುವ ವ್ಯತ್ಯಾಸವೇ. ಬೆಳಕಿನ ಹನಿ ಕಡಿಮೆಯಾದಾಗ ಚಿಕ್ಕ ಬಿಲ್ಲೆಯ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಳು ಕಾಳು ಕಾಣುತ್ತದೆ. ಆ ಕಾಳನ್ನು ಅಳಿಸಲು ಹೋಗಿಯೇ ಫೋನು ಅಮ್ಮನ ಸುಕ್ಕನ್ನೂ ಅಳಿಸಿದ್ದು. ಬಿಸಿಲಿನಲ್ಲಿ ಫೋಟೋ ತೆಗೆಯುವವರಿಗೆ, ಇನ್‌ಲ್ಯಾಂಡ್ ಪತ್ರದಷ್ಟು ಪ್ರಿಂಟು ಸಾಕೆನ್ನುವವರಿಗೆ ಈ ಖರ್ಚು ಖಂಡಿತ ಬೇಡ. ಅದನ್ನೂ ಹೇಳಿಬಿಡುತ್ತೇನೆ.

ಪೇಟೆಯ ಅಂಗಡಿಯೊಂದಕ್ಕೆ ನನ್ನ ಯಜಮಾನರನ್ನು ಕರೆದುಕೊಂಡು ಹೋದದ್ದು ತಪ್ಪಾಯಿತು. ಪ್ರಶ್ನೆ ಕೇಳಿದ್ದು ನಾನು, ಅಂಗಡಿಯವನು ಉತ್ತರ ಕೊಟ್ಟದ್ದು ಅವರಿಗೆ. "ಮೇಡಂಗೆ ಇದೆಲ್ಲ ಕಷ್ಟ ಆಗ್ತದೆ ಸಾರ್, ಎರಡು ಲೆನ್ಸ್ ಬರುವ ಈ ಸೆಟ್ ಕೊಡ್ಲಾ?" ಎಂದ. ಇವರು, ಪಾಪ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದರು. ನನಗೆ ಹೋಮಾಯ್ ವ್ಯಾರಾವಾಲಾ ನೆನಪಾದರು. 1913ರಲ್ಲಿ ಹುಟ್ಟಿದ ಆಕೆ ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಆಕೆ ತೆಗೆದ ಮೊದಮೊದಲ ಚಿತ್ರಗಳು ಅಚ್ಚಾದದ್ದು ಗಂಡ ಮಾಣೆಕ್‌ಶಾ ಹೆಸರಿನಲ್ಲಿ. ಸೀರೆಯುಟ್ಟು, ಸ್ಪೀಡ್ ಗ್ರಾಫಿಕ್ ಎಂಬ ಹೇರಿನಂಥ ಕ್ಯಾಮರಾ ಹೊತ್ತು ದೆಹಲಿಯಲ್ಲಿ ಓಡಾಡಿದ ಆಕೆಗೆ ಪದ್ಮವಿಭೂಷಣ ಬಂದದ್ದು 2011ರಲ್ಲಿ, ಸಾಯುವ ಹಿಂದಿನ ವರ್ಷ. ನಾನು ಏನೂ ಕೊಳ್ಳದೆ ಹೊರಗೆ ಬಂದೆ.

ಕೊನೆಗೆ ಉಳಿದದ್ದು ಎರಡೇ, ಸೆಕೆಂಡ್ ಹ್ಯಾಂಡಿನಲ್ಲಿ: ಝಡ್5 ಮತ್ತು ಆರ್‌ಪಿ. ಝಡ್5ರಲ್ಲಿ ಕೈ ನಡುಗಿದರೆ ಬಿಲ್ಲೆಯೇ ಅಲುಗಿ ಸರಿದೂಗಿಸುವ ಏರ್ಪಾಡಿದೆ, ಎರಡು ಕಾರ್ಡು ಹಾಕಬಹುದು. ಆರ್‌ಪಿಯಲ್ಲಿ ಇವೆರಡೂ ಇಲ್ಲ, ಬ್ಯಾಟರಿಯೂ ಪುಟ್ಟದು. ಯಾರನ್ನು ಕೇಳಿದರೂ ಝಡ್5 ಎಂದರು. ಎರಡು ರಾತ್ರಿ ಯೋಚಿಸಿದೆ. ಆ ಏರ್ಪಾಡು ನಿಲ್ಲಿಸುವುದು ನನ್ನ ಕೈಯ ನಡುಕವನ್ನು. ಹೂ ಕಟ್ಟುವ ಅಮ್ಮನ ಬೆರಳನ್ನಲ್ಲ. ಓಡುವ ಬೆರಳು ಸ್ಪಷ್ಟವಾಗಿ ಮೂಡಬೇಕಾದರೆ ಬೇಕಾದದ್ದು ಅಗಲ ಬಾಯಿಯ ಲೆನ್ಸು. ಕ್ಯಾನನ್ನಿನ 50 ಮಿ.ಮೀ. ಎಫ್ 1.8 ಲೆನ್ಸು ಅಗ್ಗ, ತೂಕ 160 ಗ್ರಾಂ. ಬ್ಯಾಟರಿ ಸೇರಿ ಆರ್‌ಪಿ 485 ಗ್ರಾಂ. ಎರಡೂ ಸೇರಿ ಮುಕ್ಕಾಲು ಕಿಲೋ ಸಕ್ಕರೆಗಿಂತ ಹಗುರ. ಹಣವನ್ನೆಲ್ಲ ಪೆಟ್ಟಿಗೆಗೇ ಸುರಿದು ಲೆನ್ಸಿಗೆ ಕೈ ಬರಿದು ಮಾಡಿಕೊಂಡವರನ್ನು ನಮ್ಮ ಬಳಗದಲ್ಲೇ ಕಂಡಿದ್ದೇನೆ. ನಾನು ಆರ್‌ಪಿ ಕೊಂಡೆ, ಲೆನ್ಸು ಕೊಂಡೆ, ಊರಿನ ಬಸ್ಸಿನ ಖರ್ಚಿಗೂ ಉಳಿಯಿತು.

ನವರಾತ್ರಿಗೆ ಊರಿಗೆ ಹೋದಾಗ ಅಮ್ಮ ಅಡುಗೆಮನೆಯಲ್ಲೇ ಇದ್ದಳು. ಹೊರಗೆ ಬಾ ಎನ್ನಲಿಲ್ಲ. "ಈ ವಯಸ್ಸಲ್ಲಿ ನನ್ನ ಮುಖ ಹಿಡ್ಕೊಂಡು ಏನ್ ಮಾಡ್ತೀಯೇ?" ಎಂದವಳು ಹೂವಿಗೆ ಕೈಹಾಕಿದೊಡನೆ ನನ್ನನ್ನು ಮರೆತಳು. ಕ್ಯಾಮರಾ ತಾನಾಗಿ ಅವಳ ಕಣ್ಣನ್ನು ಹುಡುಕಿಕೊಂಡು ಪುಟ್ಟ ಚೌಕ ಹಾಕಿತು. ನಾನು ಒತ್ತಿದೆ.

ಹಿಂಬದಿಯ ಪರದೆಯಲ್ಲಿ ತೋರಿಸಿದೆ. ಅಮ್ಮ ಕನ್ನಡಕ ಮೇಲೆ ಕೆಳಗೆ ಮಾಡಿ ಬಹಳ ಹೊತ್ತು ನೋಡಿದಳು. ಬೆರಳಿನ ಒಂದೊಂದು ಗೆರೆಯೂ ಇತ್ತು, ಉಗುರಿಗೆ ಅಂಟಿದ ಬಾಳೆನಾರಿನ ಕಲೆಯೂ.

"ಹಿಂದಿನ ಗೋಡೆ ಮಸಿಯೆಲ್ಲ ಕಾಣ್ತದಲ್ಲೇ. ದೀಪಾವಳಿಗೆ ಸುಣ್ಣ ಹೊಡೆಸ್ಬೇಕು" ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, "ಇದ್ರಲ್ಲಿ ಎಷ್ಟು ಬರ್ತದೆ? ಹನ್ನೆರಡೇನಾ?"

ಒಮ್ಮೆ ಚಾರ್ಜು ಮಾಡಿದರೆ ಇನ್ನೂರೈವತ್ತು ಎಂದೆ. ಅಮ್ಮ ಸೆರಗು ಸರಿಮಾಡಿಕೊಂಡಳು.