ಚೌಕಾಬಾರ: ಕಲ್ಲಿನ ಮೇಲಿನ ಆಟ, ಮೊಬೈಲಿನ ಹೊಸ ರೂಪ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಹಳೆಯ ಮನೆಗಳಲ್ಲಿ ಚೌಕಾಬಾರಕ್ಕೆ ಹಲಗೆ ಬೇಕಾಗಿರಲಿಲ್ಲ. ಪಡಸಾಲೆಯ ಕಲ್ಲಿನ ಮೇಲೆ ಬಳಪದಿಂದ ಐದಕ್ಕೈದು ಮನೆ ಗೀಚಿದರೆ ಸಾಕು. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಮಗ್ಗುಲಿಗೆ ಬಿಳಿ ಕಾಣುವತನಕ ಕಲ್ಲಿಗೆ ತೇಯುತ್ತಿದ್ದರು. ಕಾಯಿಗೆ ಬಳೆಚೂರು, ಹಂಚಿನ ಬಿಲ್ಲೆ, ಕಡ್ಡಿ, ಏನಾದರೂ ನಡೆಯುತ್ತಿತ್ತು.

ಕಲ್ಲಿನ ಸಾಕ್ಷ್ಯ

ಹುನಗುಂದ ತಾಲ್ಲೂಕಿನ ಐಹೊಳೆ, ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನ ಗುಡಿಗಳ ನೆಲಹಾಸಿನಲ್ಲಿ ಆಟದ ಮನೆಗಳನ್ನು ಗೀರಿದ ಗುರುತುಗಳಿವೆ. ಅವನ್ನು ಚಾಲುಕ್ಯರ ಕಾಲದ್ದೆಂದು ಹೇಳಿಬಿಡುವುದು ಅವಸರದ ಮಾತು. ಗುಡಿ ಕಟ್ಟಿ ಎಷ್ಟೋ ಶತಮಾನಗಳ ಮೇಲೆ ನೆರಳಿಗೆ ಕೂತವರೂ ಅವನ್ನು ಕೊರೆದಿರಬಹುದು.

ಆಟದ ನಡೆ

ನಾಲ್ವರು, ತಲಾ ನಾಲ್ಕು ಕಾಯಿ. ನಾಲ್ಕು ಅಂಚಿನ ನಡುಮನೆಗಳಿಗೆ ಮತ್ತು ಪಟದ ಮಧ್ಯದ ಮನೆಗೆ ಅಡ್ಡಗೀರು ಇರುತ್ತದೆ. ಅಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ಕಾಯಿ ಹೊರಸುತ್ತನ್ನು ಅಪ್ರದಕ್ಷಿಣೆಯಾಗಿ ಮುಗಿಸಿ, ಒಳಸುತ್ತಿನಲ್ಲಿ ಪ್ರದಕ್ಷಿಣೆಗೆ ತಿರುಗಿ, 24 ನಡೆಗೆ ಮಧ್ಯದ ಮನೆ ಸೇರಿ ಹಣ್ಣಾಗುತ್ತದೆ. ನಾಲ್ಕು ಕವಡೆ ಎಸೆದಾಗ ಬಾಯಿ ಮೇಲಾದಷ್ಟು ಗರ. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ 8. ಎರಡಕ್ಕೂ ಮತ್ತೊಂದು ಎಸೆತ ಸಿಗುತ್ತದೆ. ಎದುರಾಳಿಯ ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಹಲವು ಕಡೆಯ ನಿಯಮ.

ಲೂಡೋ ಎಂಬ ಮರುರೂಪ

ಚೌಕಾಬಾರದ ಬಳಗದ್ದೇ ಆದ ಪಚೀಸಿಯನ್ನು ಸರಳಗೊಳಿಸಿ ಇಂಗ್ಲೆಂಡಿನಲ್ಲಿ 1890ರ ದಶಕದಲ್ಲಿ ಲೂಡೋಗೆ ಪೇಟೆಂಟ್ ಪಡೆದರು. ಕವಡೆ ಹೋಗಿ ದಾಳ ಬಂತು. 2016ರಲ್ಲಿ ಬಂದ ಭಾರತದ್ದೇ ಆ್ಯಪ್ ಲೂಡೋ ಕಿಂಗ್ 2020ರ ಲಾಕ್‌ಡೌನ್‌ನಲ್ಲಿ ಮನೆಮನೆಗೂ ಹೊಕ್ಕಿತು. ದೂರದೂರಿಗೆ ದುಡಿಯಲು ಹೋದವರೂ ಮನೆಯವರೊಡನೆ ಆಡುವಂತಾದದ್ದು ಸಣ್ಣ ಲಾಭವಲ್ಲ.

ಕಳೆದುಹೋದದ್ದು

ಲೂಡೋದಲ್ಲಿ ಕಳೆದುಹೋದದ್ದರಲ್ಲಿ ಮೊದಲನೆಯದು ಗರದ ರುಚಿ. ದಾಳದಲ್ಲಿ 1ರಿಂದ 6ರವರೆಗೆ ಎಲ್ಲಕ್ಕೂ ಸಮಪಾಲು. ಕವಡೆಯಲ್ಲಿ ಹಾಗಲ್ಲ. ಬಾಯಿ, ಬೆನ್ನು ಸಮನಾಗಿ ಬೀಳುತ್ತವೆಂದೇ ಇಟ್ಟುಕೊಂಡರೂ 16 ಎಸೆತಕ್ಕೆ ಸರಾಸರಿ ಆರು ಸಲ 2, ನಾಲ್ಕು ಸಲ 1, ನಾಲ್ಕು ಸಲ 3 ಬಿದ್ದು, ಚೌಕ ಮತ್ತು ಬಾರ ಒಂದೊಂದೇ ಸಲ ಬೀಳುತ್ತವೆ. ಆದ್ದರಿಂದ ಹಿಂದಿರುವ ಎದುರಾಳಿಯ ಕಾಯಿ ಎರಡು ಮನೆ ದೂರದಲ್ಲಿದ್ದರೆ ಎದೆ ಡವಗುಟ್ಟುತ್ತದೆ. ನಾಲ್ಕು ಮನೆ ದೂರದಲ್ಲಿದ್ದರೆ ಸ್ವಲ್ಪ ಉಸಿರಾಡಬಹುದು. ಈ ಲೆಕ್ಕ ಅಜ್ಜಿಯರಿಗೆ ಬೆರಳ ತುದಿಯಲ್ಲಿತ್ತು. ನಿಜವಾದ ಕವಡೆಯ ಆಕಾರ, ಹುಣಸೆ ಬೀಜ ತೇಯ್ದ ಬಗೆ ಈ ಹಂಚಿಕೆಯನ್ನು ಇನ್ನಷ್ಟು ಬದಲಿಸುತ್ತವೆ.

ಎರಡನೆಯದು ಹೊಡೆಯುವ ಕಡ್ಡಾಯ. ಸಾಮಾನ್ಯ ಲೂಡೋದಲ್ಲಿ ಯಾರ ತಂಟೆಗೂ ಹೋಗದೆ ಗೆಲ್ಲಬಹುದು. ಈ ನಿಯಮವಿರುವ ಚೌಕಾಬಾರದಲ್ಲಿ ಮನೆ ಬಿಟ್ಟು ಹೊರಬಿದ್ದು ಕಾದಾಡಲೇಬೇಕು. ನನಗೆ ಆಟದ ಜೀವ ಇದರಲ್ಲೇ ಕಾಣುತ್ತದೆ.

ಚೌಕಾಬಾರದ ಆ್ಯಪ್‌ಗಳು

ಚೌಕಾಬಾರದ್ದೇ ಆ್ಯಪ್‌ಗಳೂ ಇವೆ. ಐದಕ್ಕೈದು ಮನೆಯ ಪಟ, ಕವಡೆಯ ಚಿತ್ರ ಇದ್ದಮಾತ್ರಕ್ಕೆ ಅವು ಮೂಲಕ್ಕೆ ನಿಷ್ಠವಾಗುವುದಿಲ್ಲ. ಗರದ ಹಂಚಿಕೆ ಕವಡೆಯದೇ ಇರಬೇಕು. ಒಳಸುತ್ತಿಗೆ ಹೊಡೆತ ಕಡ್ಡಾಯವೇ, ಒಂದೇ ಮನೆಯಲ್ಲಿ ಕೂತ ಜೋಡಿ ಕಾಯಿಗೆ ರಕ್ಷಣೆ ಉಂಟೇ ಎಂಬುದನ್ನು ಆಟಗಾರರೇ ಮೊದಲು ಗೊತ್ತುಮಾಡಿಕೊಳ್ಳುವ ಅವಕಾಶವನ್ನೂ ಕೊಡಬೇಕು. ಓಣಿಗೊಂದು ನಿಯಮ ಇದ್ದ ಆಟವನ್ನು ಒಂದೇ ಅಚ್ಚಿಗೆ ಸುರಿಯುವುದು ಅನ್ಯಾಯ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ದುಡ್ಡಿನ ಹಂಗಿಲ್ಲದ ಇಂಥ ಆಟವನ್ನು ಸರಿಯಾಗಿ ಕಟ್ಟಲು ಕನ್ನಡದ ಎಂಜಿನಿಯರುಗಳಿಗೆ ಇದು ಒಳ್ಳೆಯ ಸಮಯ. ನಿಯಮಗಳನ್ನು ಹೇಳಿಕೊಡಬಲ್ಲ ಹಿರಿಯರು ಗುಳೇದಗುಡ್ಡ, ಇಳಕಲ್ಲಿನ ಓಣಿಗಳಲ್ಲಿ ಇನ್ನೂ ಸಿಗುತ್ತಾರೆ.